ವೆಂಕಟಾಚಲರ ಕ್ಯಾಮೆಲಿಯಾ

ರಾಮಮೂರ್ತಿ ನಗರದ ಆ ಅಡ್ಡರಸ್ತೆಯಲ್ಲಿ ಗುಲಾಬಿ ಬೆಳೆಸುವವರಿದ್ದರು, ದಾಸವಾಳ ಬೆಳೆಸುವವರಿದ್ದರು, ಗಿಡದ ಜಾಗದಲ್ಲಿ ಕಾರು ನಿಲ್ಲಿಸುವವರು ಎಲ್ಲರಿಗಿಂತ ಹೆಚ್ಚಿದ್ದರು. ಕ್ಯಾಮೆಲಿಯಾ ಬೆಳೆಸುವವರು ಮಾತ್ರ ಒಬ್ಬರೂ ಇರಲಿಲ್ಲ. ಈ ಕೊರತೆಯಿಂದ ಬಡಾವಣೆಗೆ ಯಾವ ತೊಂದರೆಯೂ ಆಗಿರಲಿಲ್ಲ. ಆದರೂ ಅದನ್ನು ನೀಗಿಸುವ ಹೊಣೆಯನ್ನು ವೆಂಕಟಾಚಲ ತಾವಾಗಿಯೇ ಹೊತ್ತುಕೊಂಡರು.

ವಿಮಾ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತು, ಪಾಲಿಸಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿ ಜನರನ್ನು ವಾಪಸು ಕಳಿಸುವುದರಲ್ಲಿ ಪಳಗಿ ನಿವೃತ್ತರಾದವರು ಅವರು. ಒಮ್ಮೆ ಫೈಲಿಗೆ ಸಹಿ ಹಾಕಿಸಲು ಬೆನ್ಸನ್ ಟೌನಿನ ಸಾಹೇಬರ ಬಂಗಲೆಗೆ ಹೋಗಿ ವರಾಂಡದಲ್ಲಿ ಒಂದೂವರೆ ಗಂಟೆ ಕಾದಿದ್ದರು. ಅಲ್ಲಿ ಮಿರುಗುವ ಕಡುಹಸಿರು ಎಲೆಗಳ ನಡುವೆ ಅಂಗೈಯಗಲದ ಕೆಂಪು ಹೂ. "ಕ್ಯಾಮೆಲಿಯಾ" ಎಂದಿದ್ದರು ಸಾಹೇಬರು, ಸಹಿ ಹಾಕುತ್ತ, ತಲೆಯೆತ್ತದೆ. ಅಂಥ ಗಿಡ ಇಟ್ಟುಕೊಂಡ ಮನುಷ್ಯ ಯಾರನ್ನೂ ತಲೆಯೆತ್ತಿ ನೋಡಬೇಕಿಲ್ಲ ಎಂಬುದು ವೆಂಕಟಾಚಲರಿಗೆ ಅಂದೇ ಮನವರಿಕೆಯಾಗಿತ್ತು.

ಕೆ.ಆರ್. ಪುರದ ಕಡೆ ನರ್ಸರಿ ಇಟ್ಟುಕೊಂಡಿದ್ದ ಗಯಾಜ್ ಎರಡು ವಾರ ಸತಾಯಿಸಿ ಒಂದು ಗಿಡ ತರಿಸಿಕೊಟ್ಟ.

"ಕ್ಯಾಮೆಲಿಯಾನೇ ತಾನೇ?"

"ಊಟಿ ಕಡೆ ಮಾಲು ಸಾರ್. ವರ್ಷಪೂರ್ತಿ ಹಸಿರಾಗಿರತ್ತೆ."

"ಹೂ ಬಿಡತ್ತಾ?"

"ಗಿಡ ಅಂದ್ಮೇಲೆ ಬಿಡ್ದೆ ಇರತ್ತಾ ಸಾರ್?"

ಕ್ಲೇಮು ವಿಭಾಗದಲ್ಲಿ ಇಂಥ ಉತ್ತರ ಕೊಟ್ಟವರನ್ನು ವೆಂಕಟಾಚಲ ಮೂರು ತಿಂಗಳು ಓಡಾಡಿಸುತ್ತಿದ್ದರು. ಇಲ್ಲಿ ಮಾತ್ರ ಆಟೊ ಕರೆದರು.

ಮನೆಗೂ ಕಾಂಪೌಂಡಿಗೂ ನಡುವಿನ ನಾಲ್ಕಡಿ ಜಾಗದಲ್ಲಿ ಗಿಡದ ಪ್ರತಿಷ್ಠಾಪನೆಯಾಯಿತು. ಯೂಟ್ಯೂಬಿನಲ್ಲಿ ಯಾರೋ ಹೇಳಿದಂತೆ ಅದಕ್ಕೆ ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ. ಹೆಂಡತಿ ಸೀತಮ್ಮನ ಎರಡು ಹಳೆಯ ಸೀರೆಗಳು ಚಪ್ಪರವಾದವು. ಬೋರ್‌ವೆಲ್ಲಿನ ಗಡಸು ನೀರು ಗಿಡಕ್ಕೆ ಆಗದು. ಆ ನೀರಿನಲ್ಲಿ ಮನೆಯವರು ಮಿಂದು ಕೂದಲು ಉದುರಿಸಿಕೊಂಡರು, ಗಿಡ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಕುಡಿಯಿತು. ಮಣ್ಣು ಹುಳಿಯಾಗಿರಬೇಕಂತೆ, ಹಾಗಾಗಿ ಫಿಲ್ಟರಿನ ಕಾಫಿ ಚರಟವೆಲ್ಲ ಬುಡಕ್ಕೆ. ವೆಂಕಟಾಚಲ ಕಾಫಿಯ ಕಟ್ಟಾಭಕ್ತರು. ಸೀತಮ್ಮ ಸಂಜೆ ಶುಂಠಿ ಹಾಕಿ ಟೀ ಕುದಿಸಿದರೆ "ಯಾರಿಗೆ ಜ್ವರ?" ಎಂದು ಕೇಳುವವರು.

ಮೂರನೇ ವರ್ಷದ ಡಿಸೆಂಬರಿನಲ್ಲಿ ಮೊಗ್ಗು ಬಂತು. ವೆಂಕಟಾಚಲ ಅದನ್ನು ದಿನಕ್ಕೆ ನಾಲ್ಕು ಸಲ ನೋಡಿ, ಐದನೇ ಸಲ ಫೋಟೊ ತೆಗೆದರು. ಅರಳಿದ ಹೂ ಕೆಂಪಾಗಿರಲಿಲ್ಲ. ಬೆಳ್ಳಗೆ, ರೂಪಾಯಿ ನಾಣ್ಯದಷ್ಟಗಲ, ನಡುವೆ ಹಳದಿ ಕೇಸರ, ನಾಚಿಕೆಯಾದಂತೆ ನೆಲ ನೋಡುತ್ತಿತ್ತು. "ಅಪರೂಪದ ತಳಿ" ಎಂದು ತೀರ್ಮಾನಿಸಿ ಭಾನುವಾರ ಬೆಳಿಗ್ಗೆ ಜನರನ್ನು ಕರೆದರು. ಸೀತಮ್ಮ ಕೋಡುಬಳೆ ಕರಿದರು. ಬಡಾವಣೆ ಸಂಘದ ಕಾರ್ಯದರ್ಶಿ ವಾದಿರಾಜ ಬಂದರು. ಎದುರುಮನೆಯ ಜಹನಾರಾ ಮೇಡಂ ಬಂದರು. ಫ್ರೇಜರ್ ಟೌನಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಬಾಲ್ಯವೆಲ್ಲ ಕೂನೂರಿನಲ್ಲಿ ಕಳೆದಿತ್ತು, ತಂದೆ ಅಲ್ಲಿನ ಎಸ್ಟೇಟಿನಲ್ಲಿ ಗುಮಾಸ್ತರಾಗಿದ್ದರು.

ವೆಂಕಟಾಚಲ ಸಣ್ಣ ಭಾಷಣ ಮಾಡಿದರು. ಬೆನ್ಸನ್ ಟೌನು, ಹುಳಿಮಣ್ಣು, ತಾಳ್ಮೆ ಎಲ್ಲವೂ ಬಂದವು. ವಾದಿರಾಜ ಕೋಡುಬಳೆ ಕಡಿಯುತ್ತ ತಲೆದೂಗಿದರು. ಜಹನಾರಾ ಬಗ್ಗಿ ಹೂ ನೋಡಿದರು, ಎಲೆಯ ಅಂಚು ಸವರಿದರು, ತುದಿಯ ಚಿಗುರೊಂದನ್ನು ಕಿತ್ತು ಉಜ್ಜಿ ಮೂಸಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಇದು ಚಾ ಗಿಡ."

"ಏನು ಗಿಡ?"

"ಚಾ. ಟೀ ಪುಡಿ ಮಾಡ್ತಾರಲ್ಲ, ಅದು. ಚಿಕ್ಕವಳಿದ್ದಾಗ ಇದರ ಮಧ್ಯೇನೇ ಓಡಾಡ್ಕೊಂಡಿದ್ದೆ ನಾನು."

ಯಾರೂ ನಗಲಿಲ್ಲ. ನಕ್ಕಿದ್ದರೆ ವೆಂಕಟಾಚಲರಿಗೆ ಸಿಟ್ಟು ಮಾಡಿಕೊಳ್ಳಲು ಒಂದು ದಾರಿಯಾದರೂ ಇರುತ್ತಿತ್ತು. ವಾದಿರಾಜ ಸಮಾಧಾನ ಹೇಳಲು ಹೋಗಿ, "ಬಿಡಿ ಸಾರ್, ಮೂರು ವರ್ಷ ಕಾಫಿ ತಿಂದು ಬೆಳೆದ ಟೀ ಬೇರೆ ಎಲ್ಲಿ ಸಿಗತ್ತೆ?" ಎಂದರು. ಅತಿಥಿಗಳು ಹೊರಟ ಮೇಲೆ ವೆಂಕಟಾಚಲ ಊಟ ಬೇಡವೆಂದರು.

ಮರುದಿನ ಬೆಳಿಗ್ಗೆ ನರ್ಸರಿಗೆ ಹೋಗಿ ಗಯಾಜನ ಮೇಲೆ ಕೂಗಾಡಿದರು. ಗಯಾಜ್ ತಾಳ್ಮೆಯಿಂದ ಕೇಳಿಸಿಕೊಂಡು ಫೋನು ತೆಗೆದು ತೋರಿಸಿದ. ಚಹಾ ಗಿಡದ ಶಾಸ್ತ್ರೀಯ ಹೆಸರು ಕ್ಯಾಮೆಲಿಯಾ ಎಂದೇ ಶುರುವಾಗುತ್ತಿತ್ತು.

"ಕ್ಯಾಮೆಲಿಯಾ ಕೇಳಿದ್ರಿ, ಕ್ಯಾಮೆಲಿಯಾ ಕೊಟ್ಟೆ. ಅದ್ರಲ್ಲಿ ಯಾವ್ದು ಅಂತ ನೀವು ಕೇಳ್ಲೇ ಇಲ್ವಲ್ಲ ಸಾರ್."

ಇದಕ್ಕಿಂತ ಅಚ್ಚುಕಟ್ಟಾಗಿ ವೆಂಕಟಾಚಲ ಕೂಡ ಯಾವ ಕ್ಲೇಮನ್ನೂ ತಿರಸ್ಕರಿಸಿರಲಿಲ್ಲ.

ಮನೆಗೆ ಬಂದವರೇ ಹಾರೆ ಹುಡುಕಿ ತಂದರು. ಸೀತಮ್ಮ ಗಿಡದ ಪಕ್ಕ ಸ್ಟೂಲು ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

"ಏಳೇ, ಇದನ್ನ ಕೀಳ್ಬೇಕು."

"ಯಾಕ್ರೀ? ಏನು ಮಾಡ್ತು ಪಾಪ?"

"ನಾನು ಅಂದ್ಕೊಂಡಿದ್ದು ಇದಲ್ಲ."

"ಅಂದ್ಕೊಂಡ ಹಾಗೆ ಇಲ್ಲ ಅಂತ ಕೀಳೋದಾದ್ರೆ ಮದುವೆ ಆದ ವರ್ಷಾನೇ ನನ್ನ ಕೀಳ್ಬೇಕಿತ್ತು." ಸೀತಮ್ಮ ಕಾಳಿನಿಂದ ಕಣ್ಣು ತೆಗೆಯಲಿಲ್ಲ. "ನೀವೇನು ಕಮ್ಮಿ? ನಮ್ಮಪ್ಪ ಹುಡುಗ ಬಹಳ ಸೌಮ್ಯ ಅಂತ ಹೇಳಿ ಕೊಟ್ರು. ನಾನು ಯಾವತ್ತಾದ್ರೂ ಹಾರೆ ತಂದ್ನಾ?"

ವೆಂಕಟಾಚಲ ಹಾರೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ, ಅಲ್ಲಿ ನಿಂತಿದ್ದಕ್ಕೆ ಒಂದು ಕಾರಣ ಬೇಕಲ್ಲ ಎಂಬಂತೆ, ಒಣಗಿದ ಎರಡು ಎಲೆ ಕಿತ್ತು ಎಸೆದರು.

ಮುಂದಿನ ಭಾನುವಾರ ಜಹನಾರಾ ತಾವಾಗಿಯೇ ಬಂದರು, ಭಾಷಣವಿಲ್ಲದಿದ್ದರೂ. ಚಿಗುರು ಹೇಗೆ ಚಿವುಟಬೇಕು, ಬಾಣಲೆಯಲ್ಲಿ ಹೇಗೆ ಬಾಡಿಸಬೇಕು, ಅಂಗೈಯಲ್ಲಿ ಹೇಗೆ ಹೊಸೆಯಬೇಕು ಎಂದು ಸೀತಮ್ಮನಿಗೆ ತೋರಿಸಿಕೊಟ್ಟರು. ವೆಂಕಟಾಚಲ ಪೇಪರು ಓದುತ್ತ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಎಲೆಗಳು ಎರಡು ದಿನ ನೆರಳಲ್ಲಿ ಒಣಗಿದವು. ಬುಧವಾರ ಮೂರು ಲೋಟಗಳಲ್ಲಿ ತಿಳಿಹಳದಿ ನೀರು ಬಂತು.

ಜಹನಾರಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸೀತಮ್ಮ, ಸುಳ್ಳು ಯಾಕೆ ಹೇಳ್ಲಿ? ಹುಲ್ಲು ನೆನೆಸಿದ ನೀರಿನ ಥರ ಇದೆ."

"ಎಲೆದೇನೂ ತಪ್ಪಿಲ್ಲ ಮೇಡಂ!" ಎಂದರು ವೆಂಕಟಾಚಲ, ಲೋಟ ಹಿಡಿದು ಎದ್ದೇ ನಿಂತುಬಿಟ್ಟಿದ್ದರು. "ನಿಮಗೆ ಹಾಲು ಸಕ್ಕರೆ ಸುರಿದು ಕುಡಿದು ಅಭ್ಯಾಸ. ಇದು ನಾಜೂಕಿನ ರುಚಿ, ಗಮನ ಕೊಡ್ಬೇಕು. ಬಾಣಲೆ ಜಾಸ್ತಿ ಕಾಯಿಸಿದ್ದಾಳೆ ಇವಳು. ಸಣ್ಣ ಉರಿ ಇಟ್ಟಿದ್ರೆ ಗೊತ್ತಾಗ್ತಿತ್ತು ನಿಮಗೆ!"

ಇಬ್ಬರು ಹೆಂಗಸರೂ ಅವರನ್ನೇ ನೋಡಿದರು. ಸೀತಮ್ಮ ಅಡುಗೆಮನೆಗೆ ಹೋಗಿ ಬಾಣಲೆ ತಂದು ಅವರ ಕೈಗೆ ಕೊಟ್ಟರು.