ಗಟ್ಟಿಮುಟ್ಟಾದ ಪರಾವಲಂಬಿ

ಪಂಚಶೀಲಾಳ ಕೆಲಸ ಜನರನ್ನು ಅಳೆಯುವುದು. ಎತ್ತರ, ತೂಕವನ್ನಲ್ಲ, ಅದಕ್ಕೆ ಬೇರೆಯವರಿದ್ದಾರೆ. ಮನುಷ್ಯ ತನ್ನ ದಿನದ ಬದುಕನ್ನು ತಾನೇ ಎಷ್ಟು ಮಾಡಿಕೊಳ್ಳುತ್ತಾನೆ ಎಂಬುದನ್ನು ಈಕೆ ಅಳೆಯಬೇಕು. ತಾನೇ ಉಣ್ಣುತ್ತಾನೋ ಉಣಿಸಬೇಕೋ, ತಾನೇ ಮೈ ತೊಳೆದುಕೊಳ್ಳುತ್ತಾನೋ ಇನ್ನೊಬ್ಬರು ತೊಳೆಯಬೇಕೋ, ಬಟ್ಟೆ ಉಡುವುದು, ಕಕ್ಕಸಿಗೆ ಹೋಗಿ ಬರುವುದು, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವುದು. ಒಂದೊಂದಕ್ಕೂ ಅಂಕ. ಅಂಕ ಕಡಿಮೆ ಬಂದಷ್ಟೂ ಲಾಭ, ಏಕೆಂದರೆ ತೀರಾ ಕಡಿಮೆ ಬಂದವರ ಮನೆಗೆ ಅವಳು ಕೆಲಸ ಮಾಡುವ ಸಂಸ್ಥೆಯವರು ಬೆಳಗಿನ ಹೊತ್ತು ಒಬ್ಬ ಆರೈಕೆಯ ಆಳನ್ನು ಕಳಿಸುತ್ತಾರೆ. ನಾಪಾಸಾದವರಿಗೆ ಬಹುಮಾನ ಕೊಡುವ ಪರೀಕ್ಷೆ ಸುರಪುರ ಸೀಮೆಯಲ್ಲಿ ಇದೊಂದೇ ಇರಬೇಕು.

ಇದಕ್ಕಾಗಿ ಯಾದಗಿರಿಯಲ್ಲಿ ತರಬೇತಿ ನಡೆದಿತ್ತು. ದೂರದಿಂದ ಬಂದ ಸಾಹೇಬರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತ, ಊಟವೆಂದರೆ ತಟ್ಟೆಯಲ್ಲಿದ್ದುದನ್ನು ಚಮಚದಿಂದ ಬಾಯಿಗೆ ಒಯ್ಯುವುದು ಎಂದು ವಿವರಿಸಿದರು. ಜೋಳದ ರೊಟ್ಟಿ ಮುರಿಯುವುದಕ್ಕೆ ಎಷ್ಟು ಅಂಕ ಎಂದು ಪಂಚಶೀಲಾ ಕೇಳಿದಾಗ ಅವರಿಗೆ ಯಾರದೋ ಫೋನ್ ಬಂತು. ಮಣ್ಣಿನ ಮಾಳಿಗೆಯ, ಒಂದೇ ಅಂತಸ್ತಿನ ಮನೆಗಳ ಊರಲ್ಲಿ ಮೆಟ್ಟಿಲು ಹತ್ತುವ ಪ್ರಶ್ನೆಯನ್ನು ಯಾರಿಗೆ ಕೇಳುವುದು ಎಂಬುದಕ್ಕೂ ಉತ್ತರ ಸಿಗಲಿಲ್ಲ. ಒಂದು ಮಾತನ್ನು ಮಾತ್ರ ಅವರು ಮತ್ತೆ ಮತ್ತೆ ಒತ್ತಿ ಹೇಳಿದರು: ಮನುಷ್ಯ ಏನು ಮಾಡಬಲ್ಲ ಎಂದು ಬರೆಯಬೇಡಿ, ದಿನಾ ಏನು ಮಾಡುತ್ತಾನೆ ಎಂದಷ್ಟೇ ಬರೆಯಿರಿ. ಆ ಸಾಹೇಬರ ಬಾಯಿಂದ ಬಂದ ಕೆಲಸಕ್ಕೆ ಬರುವ ಮಾತು ಅದೊಂದೇ ಎಂದು ಪಂಚಶೀಲಾಳಿಗೆ ತಿಳಿದದ್ದು ಹುಣಸಗಿಯ ಅಮಾತೆಪ್ಪನ ಪಡಸಾಲೆಯಲ್ಲಿ.

ಆಕೆ ಅಲ್ಲಿಗೆ ಹೋದದ್ದು ಅಮಾತೆಪ್ಪನ ಹೆಂಡತಿ ಹಣಮಂತಮ್ಮನಿಗಾಗಿ. ಹಣಮಂತಮ್ಮನಿಗೆ ಲಕ್ವಾ ಹೊಡೆದಿತ್ತು. ಕಾಲು, ಬಾಯಿ ಹೇಗೋ ಸರಿಹೋದವು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕುಳಿತಿತ್ತು. ಸುರಪುರದಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: ವಾರದಲ್ಲಿ ಮೂರು ದಿನ ಬಂದರೆ ಬೆರಳು ಬಿಚ್ಚುತ್ತವೆ, ಈಗ ಅಲಕ್ಷ್ಯ ಮಾಡಿದರೆ ಮುಷ್ಟಿ ಸಾಯುವತನಕ ಮುಷ್ಟಿಯೇ. ಹುಣಸಗಿಯಿಂದ ಸುರಪುರಕ್ಕೆ ಬಸ್ಸಿಗೇನೂ ಬರವಿಲ್ಲ. ಹಾಗಿದ್ದರೂ ಹಣಮಂತಮ್ಮ ಒಂದು ದಿನವೂ ಹೋಗಿರಲಿಲ್ಲ.

ಪಂಚಶೀಲಾ ಪ್ರಶ್ನೆ ಶುರು ಮಾಡಿದಳು. ಉತ್ತರ ಬಂದದ್ದು ಮಂಚದ ಮೇಲಿಂದ. ಅಮಾತೆಪ್ಪ ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಿಂದ ನಿವೃತ್ತನಾದವನು. ಬಾಗಿಲಿನಷ್ಟು ಅಗಲದ ಎದೆ, ಕರಿಯ ಬಣ್ಣ ಹಚ್ಚಿದ ಮೀಸೆ. ಹೆಂಡತಿ ಮೈ ತೊಳೆದುಕೊಳ್ಳುತ್ತಾಳೋ ಎಂದರೆ ಹೌದೆಂದ. ಅಡುಗೆ ಮಾಡುತ್ತಾಳೋ ಎಂದರೆ, ಮಾಡದೆ ಮತ್ತೇನು ಎಂದ. ಸುಳ್ಳೇನಲ್ಲ. ಹಣಮಂತಮ್ಮ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ದುಂಡಗಾಗುತ್ತಿಲ್ಲ ಎಂಬ ತಕರಾರು ಅಮಾತೆಪ್ಪನಿಗಿತ್ತು, ಅದನ್ನೂ ಬರೆದುಕೊಳ್ಳಲು ಹೇಳಿದ. ಎಡಗೈಯಲ್ಲೇ ನೀರು ಸೇದಿ, ಹಲ್ಲಿನಲ್ಲಿ ಸೀರೆಯ ತುದಿ ಹಿಡಿದು ನಿರಿಗೆ ಹಾಕಿಕೊಂಡು, ಎಲ್ಲವನ್ನೂ ಮಾಡಿಕೊಳ್ಳುವ ಆಕೆಗೆ ಬಂದದ್ದು ಹೆಚ್ಚುಕಡಿಮೆ ಪೂರ್ಣ ಅಂಕ. ಅಂದರೆ ಆಳು ಸಿಗುವುದಿಲ್ಲ. ಒದ್ದಾಡಿಕೊಂಡಾದರೂ ಬದುಕುವವರನ್ನು ಸ್ವಾವಲಂಬಿ ಎಂದು ಬೆನ್ನು ಚಪ್ಪರಿಸಿ ಕೈಬಿಡುವ ಪದ್ಧತಿ ಇದು.

ಪಂಚಶೀಲಾ ಕೊನೆಯ ಪ್ರಶ್ನೆ ಕೇಳಿದಳು, ಸುರಪುರಕ್ಕೆ ಯಾಕೆ ಹೋಗಲಿಲ್ಲ ಎಂದು.

"ನಾ ಹ್ವಾದ್ರ ಅವರನ್ನ ಯಾರು ನೋಡಬೇಕವ್ವಾ?" ಎಂದಳು ಹಣಮಂತಮ್ಮ. ಹೇಳುವಾಗ ಅವಳ ದನಿಯಲ್ಲಿ ದೂರೂ ಇರಲಿಲ್ಲ, ದುಃಖವೂ ಇರಲಿಲ್ಲ. ಕರು ಹಾಕಿದ ಆಕಳನ್ನು ಬಿಟ್ಟು ಹೇಗೆ ಹೋಗಲಿ ಎನ್ನುವಂತೆ ಹೇಳಿದಳು.

ಪಂಚಶೀಲಾ ಮಂಚದ ಕಡೆ ನೋಡಿದಳು. ಮುದುಕನಿಗೆ ಏನಾದರೂ ದೊಡ್ಡ ಕಾಯಿಲೆ ಇರಬಹುದೆಂದು ಒಂದು ಗಳಿಗೆ ಪಾಪವೆನಿಸಿತು. ವಿಚಾರಿಸಿದರೆ ಸ್ವಲ್ಪ ಬೀಪಿ, ಬೇರೇನಿಲ್ಲ. ಹೆಣ್ಣುಮಕ್ಕಳಿಬ್ಬರನ್ನೂ ಶಹಾಪುರದ ಕಡೆ ಕೊಟ್ಟಿದ್ದರು. ಅವ್ವನಿಗೆ ಹೀಗಾದಾಗ ಹಿರಿಯವಳು ಬಂದು ಒಂದಷ್ಟು ದಿನ ಇದ್ದು, ಅವ್ವನ ಜೊತೆ ಅಪ್ಪನನ್ನೂ ನೋಡಿ ನೋಡಿ ಸುಸ್ತಾಗಿ ತಿರುಗಿ ಹೋಗಿದ್ದಳು. ಹೆಂಡತಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವಷ್ಟರಲ್ಲಿ ಈ ಮನುಷ್ಯನಿಗೆ ಏನಾಗಿಬಿಡುತ್ತದೆ? ಆ ಪ್ರಶ್ನೆಗೆ ಉತ್ತರ ಕಾಣಲು ಪಂಚಶೀಲಾ ಚೀಲದಿಂದ ಇನ್ನೊಂದು ಹಾಳೆ ತೆಗೆದಳು. ವಯಸ್ಸು ಅರವತ್ತು ದಾಟಿದ ಯಾರನ್ನು ಬೇಕಾದರೂ ಅಳೆಯಬಹುದಿತ್ತು.

"ಕಾಕಾ, ನಿಮ್ದೂ ಒಂದು ಬರಕೋತೀನ್ರಿ" ಎಂದಳು.

"ಬರಕೋ ತಂಗಿ. ನನಗೇನಾಗ್ಯಾದ, ಕಲ್ಲು ಇದ್ದಂಗ ಅದೀನಿ" ಎಂದು ಅಮಾತೆಪ್ಪ ಮೀಸೆಯ ಮೇಲೆ ಕೈಯಾಡಿಸಿದ.

ಸ್ನಾನದಿಂದ ಶುರುವಾಯಿತು. ನೀರು ಕಾಯಿಸುವವಳು ಆಕೆ, ಬಕೆಟ್ಟಿಗೆ ಹದ ಮಾಡಿ ಸುರಿಯುವವಳು ಆಕೆ, ಬೆನ್ನುಜ್ಜಿ ಟವೆಲ್ ಹಿಡಿದು ನಿಲ್ಲುವವಳು ಆಕೆ. ಧೋತರ, ಅಂಗಿ ತೆಗೆದಿಡುವುದೂ ಆಕೆಯೇ. ಗುಂಡಿಗಳು ಸಣ್ಣವಂತೆ, ಅವನ್ನೂ ಆಕೆಯೇ ಹಾಕುವುದು. ಕಕ್ಕಸಿಗೆ ಹೋಗುವ ಮುಂಚೆ ಚೊಂಬು ತುಂಬಿ ಬಾಗಿಲಲ್ಲಿ ಇಟ್ಟಿರಬೇಕು. ರೊಟ್ಟಿಯನ್ನು ಬೇಳೆಯಲ್ಲಿ ಮುರಿದು, ಕಲಸಿ, ಮುಂದಿಡಬೇಕು. ಬೀಪಿ ಗುಳಿಗೆ ಅಂಗೈಗೆ ಬರಬೇಕು, ಅದರ ಹಿಂದೆಯೇ ನೀರು ಬರಬೇಕು. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದ್ದಕ್ಕೆ, ಗಂಡಸರಿಗೆ ಕೇಳುವ ಪ್ರಶ್ನೆಯೇ ಇದು ಎಂಬಂತೆ ನಕ್ಕ. ಮೂವತ್ತು ವರ್ಷ ಊರ ಗದ್ದೆಗೆಲ್ಲ ನೀರು ಬಿಟ್ಟವನು ಮನೆಯ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡಿರಲಿಲ್ಲ. ಪ್ರತಿಯೊಂದು 'ಇಲ್ಲ'ವನ್ನೂ ಆತ ಪದಕ ಕೊರಳಿಗೆ ಹಾಕಿಸಿಕೊಂಡಂತೆ ಹೇಳುತ್ತಿದ್ದ.

ಮನೆಯಂಗಳ ದಾಟುವ ಮೊದಲೇ ಪಂಚಶೀಲಾ ಕೂಡಿ ನೋಡಿದಳು. ತರಬೇತಿಯಲ್ಲಿ ಅಭ್ಯಾಸಕ್ಕೆಂದು ಮುದನಾಳದಲ್ಲಿ ಹಾಸಿಗೆ ಹಿಡಿದ ಅಜ್ಜನೊಬ್ಬನನ್ನು ಅಳೆದಿದ್ದಳು. ಆ ಅಜ್ಜನಿಗೂ ಈ ಕಲ್ಲಿನಂಥ ಮನುಷ್ಯನಿಗಿಂತ ಹೆಚ್ಚು ಅಂಕ ಬಂದಿದ್ದವು. ಅವನು ಕನಿಷ್ಠ ಗುಳಿಗೆಯನ್ನಾದರೂ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ತೊಂದರೆ ಎಂದಿನಿಂದ ಎಂಬ ಕಡೆ ಪಂಚಶೀಲಾ 'ಹುಟ್ಟಿದಾಗಿನಿಂದ; ಮದುವೆಯ ನಂತರ ಉಲ್ಬಣ' ಎಂದು ಬರೆದಳು. ಬರೆದ ಮೇಲೆ ಸ್ವಲ್ಪ ಅಳುಕಿದ್ದು ನಿಜ. ಆದರೆ ಮೇಲ್ವಿಚಾರಕರು ಅಂಕ ಬಿಟ್ಟು ಅಕ್ಷರ ಓದುವವರಲ್ಲ. ಪಾಪ, ಇಷ್ಟು ಕಡಿಮೆ, ತುರ್ತಾಗಿ ಆಳು ಕೊಡಿ ಎಂದು ಮೊಹರು ಒತ್ತಿದರು.

ಆ ಸಂಜೆ ಸುರಪುರದ ಮನೆಗೆ ಬಂದರೆ ಅವಳ ಗಂಡ ಶ್ರೀಮಂತ, ಶಾಲೆಯಲ್ಲಿ ಮಕ್ಕಳಿಗೆ ಸ್ವಾವಲಂಬನೆಯ ಪಾಠ ಮಾಡಿ ಬಂದ ಮೇಷ್ಟ್ರು, ಬಚ್ಚಲಿನಿಂದ ಟವೆಲ್ ಕೂಗಿದ. ಪಂಚಶೀಲಾ ಟವೆಲ್ ಕೊಡಲಿಲ್ಲ. ಅವನು ಬಹಳ ಹೊತ್ತು ಒಳಗೇ ಇದ್ದ.

ಅಮಾತೆಪ್ಪನಿಗೆ ಆಳು ಮಂಜೂರಾದ ಸುದ್ದಿ ಬಸ್ ನಿಲ್ದಾಣದ ಚಹಾದಂಗಡಿಗೆ ಬೇರೆಯೇ ರೂಪದಲ್ಲಿ ಮುಟ್ಟಿತು. ಕಾಲುವೆಯ ಸೇವೆ ನೋಡಿ ಮೇಲಿನವರು ಆಳು ಕೊಟ್ಟಿದ್ದಾರೆ ಎಂದು ಅವನೇ ಹಬ್ಬಿಸಿದ. ಹಾಗೆ ಕೊಡುವುದಾದರೆ ತನಗೂ ಬರಬೇಕಿತ್ತಲ್ಲ ಎಂದು ನಿವೃತ್ತ ಗುಮಾಸ್ತನೊಬ್ಬ ಒಂದು ವಾರ ಅವನೊಂದಿಗೆ ಮಾತು ಬಿಟ್ಟ.

ಬಂದ ಆಳು ಮೌನೇಶ. ದಪ್ಪ ಮೀಸೆಯ, ಯಾವುದಕ್ಕೂ ಅವಸರ ಮಾಡದ ಮನುಷ್ಯ. ಅವನಿಗೆ ಸಂಸ್ಥೆಯವರು ಕಲಿಸಿದ್ದ ಪಾಠ ಒಂದೇ: ಮಾಡಿಕೊಡಬೇಡ, ಮಾಡುವಂತೆ ಮಾಡು. ಅಮಾತೆಪ್ಪನಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಮೊದಲ ದಿನ ಹಣಮಂತಮ್ಮ ಹತ್ತು ಸಲ ಹಿಂದಿರುಗಿ ನೋಡುತ್ತ ಬಸ್ಸಿಗೆ ಹೋದ ಮೇಲೆ, ಅಮಾತೆಪ್ಪ ಮಂಚದ ಮೇಲೆ ಕೂತು "ನೀರು" ಎಂದ. ಮೌನೇಶ ಬಹಳ ಮರ್ಯಾದೆಯಿಂದ, ನೀರು ಎಲ್ಲಿದೆ ಎಂದು ಕೇಳಿದ. ಗೊತ್ತಿಲ್ಲ ಎಂದ ಅಮಾತೆಪ್ಪ. ಹಾಗಾದರೆ ಬನ್ನಿ, ಇಬ್ಬರೂ ಹುಡುಕೋಣ ಎಂದ ಮೌನೇಶ. ಮಧ್ಯಾಹ್ನದವರೆಗೂ ಅಮಾತೆಪ್ಪ ಬಾಯಾರಿಕೊಂಡೇ ಕೂತ. ಹಣಮಂತಮ್ಮ ಬಸ್ಸಿಳಿದು ಬಂದವಳೇ ನೀರು ಕೊಡಲು ಓಡಿದಳು. ಮೌನೇಶ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ನಡುವೆ ಬರಬೇಡಿ ಅಮ್ಮಾ, ಇದು ಚಿಕಿತ್ಸೆ ಎಂದ. ಕೊನೆಗೆ ಅಮಾತೆಪ್ಪ ತಾನೇ ಹೋಗಿ ಕೊಡದ ಮುಚ್ಚಳ ತೆಗೆದ.

ಮೌನೇಶ ಇದನ್ನೆಲ್ಲ ಸಂಸ್ಥೆಯ ವಾರದ ಸಭೆಯಲ್ಲಿ ಹೇಳುವಾಗ ಪಂಚಶೀಲಾ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಕಾಕಾ ಬೆನ್ನು ತಾನೇ ಉಜ್ಜಿಕೊಂಡ. ಕಾಕಾ ಗುಂಡಿ ಹಾಕಿಕೊಂಡ, ಒಂದು ಕಾಜ ತಪ್ಪಿ. ಕಾಕಾ ಒಲೆ ಹಚ್ಚಿದ, ಬೆರಳು ಸುಟ್ಟುಕೊಂಡು ಓಣಿಯಲ್ಲೆಲ್ಲ ತೋರಿಸಿ ಬಂದ. ಚಹಾ ಮಾಡುವುದು ಕೈಗೆ ಹತ್ತಿದ ಮೇಲಂತೂ ಅದನ್ನು ತಾನೇ ಕಂಡುಹಿಡಿದವನಂತೆ ಆಡತೊಡಗಿದ. ಎಲೆಯನ್ನು ಯಾವಾಗ ಹಾಕಬೇಕು ಎಂದು ಅರವತ್ತು ವರ್ಷದಿಂದ ಚಹಾ ಕುದಿಸುತ್ತಿದ್ದ ಪಕ್ಕದ ಮನೆಯ ಖುರ್ಷೀದಬೇಗಂಗೆ ಉಪದೇಶ ಮಾಡಿದನಂತೆ. ಆಕೆ ಸುಮ್ಮನೆ ಕೇಳಿಸಿಕೊಂಡು, ಗೋಡೆಯ ಕಡೆ ತಿರುಗಿ ನಕ್ಕಳಂತೆ.

ಇತ್ತ ಹಣಮಂತಮ್ಮ ವಾರದಲ್ಲಿ ಮೂರು ದಿನ ಸುರಪುರಕ್ಕೆ ಹೋಗುತ್ತಿದ್ದಳು. ಡಾಕ್ಟರಮ್ಮ ಅವಳ ಮುಷ್ಟಿಗೆ ನಾದಿದ ಹಿಟ್ಟಿನ ಉಂಡೆ ಕೊಟ್ಟು ಹಿಚುಕಿಸುತ್ತಿದ್ದರು. ಹಿಟ್ಟಿನಿಂದ ಬಿಡುಗಡೆ ಮಾಡಿಸಿಕೊಂಡು ಬಂದರೆ ಇಲ್ಲೂ ಹಿಟ್ಟೇ ಎಂದು ಆಕೆ ಅಂದಾಗ ಅಲ್ಲಿದ್ದವರೆಲ್ಲ ನಕ್ಕಿದ್ದರು. ಸುರಪುರದಲ್ಲಿ ಒಂದೆರಡು ಸಲ ಪಂಚಶೀಲಾಳಿಗೂ ಸಿಕ್ಕಿದಳು. ಮೊದಲ ಸಲ ಗಂಡ ಉಂಡನೋ ಇಲ್ಲವೋ ಎಂದು ಪೇಚಾಡಿದವಳು, ಮುಂದಿನ ಸಲ ಸಿಕ್ಕಾಗ ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋಗುತ್ತೇನೆ ಎಂದು ನೆರಳಲ್ಲಿ ಕೂತು ಶೇಂಗಾ ತಿನ್ನುತ್ತಿದ್ದಳು. ಎಡಗೈಯಲ್ಲೇ ಸುಲಿಯುತ್ತಿದ್ದಳು. ಬಲಗೈ ಸೆರಗಿನೊಳಗೆ ಇತ್ತು. ಇಷ್ಟು ವ್ಯಾಯಾಮ ಮಾಡಿಯೂ ಫಲವಿಲ್ಲವೇ ಎಂದು ಪಂಚಶೀಲಾ ನೊಂದುಕೊಂಡಳು. ಕೈಯ ಮಾತು ಎತ್ತದೆ ಬಸ್ಸಿನ ಮಾತಾಡಿ ಹೋದಳು.

ಮೂರು ತಿಂಗಳಾದ ಮೇಲೆ ಮತ್ತೆ ಅಳೆಯಬೇಕು ಎಂಬುದು ನಿಯಮ. ಪಂಚಶೀಲಾ ಹೋದಾಗ ಅಮಾತೆಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟ. ಸ್ನಾನ ತಾನೇ, ಬಟ್ಟೆ ತಾನೇ, ಗುಳಿಗೆ ತಾನೇ. ಅಷ್ಟೇ ಅಲ್ಲ, ಅನ್ನ ತಾನೇ, ಬೇಳೆ ತಾನೇ, ರೊಟ್ಟಿಯನ್ನು ಮಾತ್ರ ಖುರ್ಷೀದಬೇಗಂ ಮನೆಯಿಂದ ತರುವುದು, ಅದನ್ನೂ ಇಷ್ಟರಲ್ಲೇ ಕಲಿಯುತ್ತೇನೆ ಎಂದ. ಪೂರ್ಣ ಅಂಕ ಬಂತು. ಪೂರ್ಣ ಅಂಕ ಬಂದವರಿಗೆ ಆಳಿಲ್ಲ. ಮೌನೇಶನನ್ನು ನಾಳೆಯಿಂದ ಬೇರೆ ಮನೆಗೆ ಕಳಿಸುತ್ತಾರೆ ಎಂದರೂ ಅಮಾತೆಪ್ಪ ಬೇಸರಪಡಲಿಲ್ಲ. ಪಾಸಾದ ಖುಷಿಯೇ ಅವನಿಗೆ ಸಾಕಾಗಿತ್ತು. ಈಗ ನನ್ನ ಕೈಯ ಚಹಾ ಕುಡಿದೇ ಹೋಗಬೇಕು ಎಂದು ಒಳಗೆ ನಡೆದ.

ಆಗ ಪಂಚಶೀಲಾ ಹಣಮಂತಮ್ಮನ ಕಡೆ ತಿರುಗಿದಳು. ಹಣಮಂತಮ್ಮ ಒಮ್ಮೆ ಅಡುಗೆಮನೆಯ ಬಾಗಿಲು ನೋಡಿ, ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದಳು. ಐದೂ ಬೆರಳು ಬಿಚ್ಚಿದಳು, ಮಡಚಿದಳು, ಮತ್ತೆ ಬಿಚ್ಚಿದಳು. ಪಂಚಶೀಲಾಳ ಕಣ್ಣು ತುಂಬಿ ಬಂತು. ಆಕೆಯ ಕೈ ಹಿಡಿದುಕೊಂಡು, ಯಾವಾಗ ಬಂತಮ್ಮಾ ಎಂದು ಕೇಳಿದಳು.

"ಭಾಳ ದಿನ ಆತವ್ವಾ. ಅವರಿಗೆ ಹೇಳಿಲ್ಲ" ಎಂದಳು ಹಣಮಂತಮ್ಮ, ದನಿ ಇಳಿಸಿ. "ಎರಡೂ ಕೈ ಇದ್ದಾಗ ಇಷ್ಟು ವರ್ಷದಾಗ ಒಬ್ಬರೂ ನನಗ ಒಂದು ಕಪ್ ಚಾ ಮಾಡಿ ಕೊಡಲಿಲ್ಲ. ಕೈ ಹ್ವಾದಾಗೂ ಕೊಡಲಿಲ್ಲ. ಈಗ ಕುಡ್ಯಾಕತ್ತೇನಿ. ಕೈ ಬಂದದ ಅಂದ್ರ ನಾಳಿಗೇ ಮಂಚದ ಮ್ಯಾಲ ಹೋಗಿ ಕುಂದರತಾರ."

ಅಷ್ಟರಲ್ಲಿ ಒಳಗೆ ಕಪ್ಪುಗಳ ಸದ್ದಾಯಿತು. ಬಲಗೈ ಸೆರಗಿನೊಳಗೆ ಹೋಗಿ ಮತ್ತೆ ಮುಷ್ಟಿ ಕಟ್ಟಿತು.

ಅಮಾತೆಪ್ಪ ತಟ್ಟೆಯಲ್ಲಿ ಮೂರು ಕಪ್ಪು ಇಟ್ಟುಕೊಂಡು, ಚೆಲ್ಲದಂತೆ ನಾಲಿಗೆ ಕಚ್ಚಿ ಹಿಡಿದು ಹೆಜ್ಜೆ ಹಾಕುತ್ತ ಬಂದ. ಪಂಚಶೀಲಾಳಿಗೆ ಒಂದು ಕೊಟ್ಟ. ಹೆಂಡತಿಯದನ್ನು ಎಡಗೈಗೆ ಸಿಗುವ ಹಾಗೆ ಪಕ್ಕಕ್ಕೆ ಇಟ್ಟ. ಆಮೇಲೆ, ಸುಮ್ಮನೆ ವಿಚಾರಿಸುವವನಂತೆ, ಆದರೆ ಆಸೆಯನ್ನು ಮುಚ್ಚಿಡಲಾಗದೆ ಕೇಳಿದ.

"ಆಕಿ ಕೈ ಯಾವಾಗ ಬರತಾದ ತಂಗಿ?"

ಪಂಚಶೀಲಾ ಹಾಳೆಯ ಮೇಲೆ ಏನೋ ಬರೆಯುತ್ತ ತಲೆ ಎತ್ತದೆ ಹೇಳಿದಳು: "ಹೇಳಾಕ ಬರಂಗಿಲ್ರಿ ಕಾಕಾ. ನೀವು ಹಿಂಗ ನಡಸ್ರಿ."

ಅಮಾತೆಪ್ಪ ನಿಟ್ಟುಸಿರು ಬಿಟ್ಟು ಕುಳಿತುಕೊಳ್ಳಲು ಹೋದ. ಹಣಮಂತಮ್ಮ ಒಂದು ಗುಟುಕು ಕುಡಿದು ಕಪ್ಪನ್ನು ಕೆಳಗಿಟ್ಟಳು.

"ಸಕ್ರಿ ಕಮ್ಮಿ ಆಗ್ಯಾದ ನೋಡ್ರಿ" ಎಂದಳು.

ಅಮಾತೆಪ್ಪ ಸಕ್ಕರೆ ತರಲು ಒಳಗೆ ಹೋದ.