ಕಹಿ ಹಾಕದ ಬಾಟಲಿ

ಟಾನಿಕ್ಕಿಗೆ ಕಹಿ ಹಾಕುವುದು ನನ್ನ ಕೆಲಸ. ಸಕ್ಕರೆ ಪಾಕ ಕುದಿಸುವವರು ಬೇರೆ, ಬಣ್ಣ ಬೆರೆಸುವವರು ಬೇರೆ, ಬಾಟಲಿ ತುಂಬುವ ಹೆಂಗಸರು ಬೇರೆ. ಕಹಿಯ ಕ್ಯಾನು ಮಾತ್ರ ನನ್ನ ಸುಪರ್ದಿಯಲ್ಲಿ. ಹಂಡೆಗೆ ಸುರಿದು, ಕಲಕಿ, ಒಂದು ಚಮಚ ನಾಲಿಗೆಗೆ ಹಾಕಿಕೊಳ್ಳುತ್ತೇನೆ. ನಾನು ಮುಖ ಕಿವುಚಿದರೆ ಸರಕು ಮುಂದಕ್ಕೆ ಹೋಗುತ್ತದೆ. ಆ ಕಹಿಯಲ್ಲಿ ಔಷಧ ಏನೂ ಇಲ್ಲ. ಬರೀ ಕಹಿ. ಏಕೆಂದು ಯಜಮಾನರೇ ಒಮ್ಮೆ ಹೇಳಿದ್ದರು.

"ಸಿಹಿಯಾಗಿದ್ರೆ ಯಾರಯ್ಯಾ ಔಷಧಿ ಅಂತಾರೆ? ಕಷ್ಟಪಟ್ಟು ನುಂಗಿದ್ರೇನೇ ಜನಕ್ಕೆ ನಂಬಿಕೆ."

ಅವರ ಅಜ್ಜ ಕೈಗಾಡಿಯಲ್ಲಿ ಮಾರುತ್ತಿದ್ದ ಟಾನಿಕ್ಕು ಇದು. ಈಗ ಕಾರ್ಖಾನೆಯ ಕಾಂಪೌಂಡು ಸುತ್ತಿ ಬಂದರೆ ಕಾಲು ನೋಯುತ್ತದೆ. ಪತ್ರಿಕೆಗಳಿಗೆ ಮುಖಪುಟದ ಜಾಹೀರಾತು, ಶಾಲೆಗಳಿಗೆ ಬೆಂಚು, ತಪಾಸಣೆಗೆ ಬರುವ ಅಧಿಕಾರಿಗೆ ಮನೆಯವರೆಗೂ ಕಾರು. ಕೇಳಬೇಕಾದವರ ಬಾಯಿಗೆಲ್ಲ ಹೀಗೆ ಬೀಗ ಬಿದ್ದಿದೆ. ನನ್ನ ಬಾಯಿಗೆ ಸಂಬಳ.

ಅಕ್ಕನ ಮನೆ ನನ್ನ ಮನೆಯ ಪಕ್ಕದ್ದೇ. ಭಾವ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ತನ್ನ ಹೊಟ್ಟೆ ತಾನು ಹೊರೆಯುತ್ತಿದ್ದಾಳೆ. ಈ ವರ್ಷ ಅವಳ ದವಡೆಯ ಕೆಳಗೆ ಒಂದು ಗಂಟು ಎದ್ದಿತು. ಮೊದಲು ಅಂಗಿಯ ಗುಂಡಿಯಷ್ಟಿತ್ತು. ಆಮೇಲೆ ಅವಳು ಕುತ್ತಿಗೆಗೆ ಶಾಲು ಸುತ್ತಿಕೊಳ್ಳತೊಡಗಿದಳು. ಔಷಧಿ ಅಂತ ಕುಡಿಯುತ್ತಿದ್ದದ್ದು ನಮ್ಮ ಟಾನಿಕ್ಕು.

"ಆಸ್ಪತ್ರೆಗೆ ನಡಿ ಅಂದ್ರೆ ನಿನಗೆ ಅರ್ಥ ಆಗಲ್ವಾ?" ಎಂದು ನಾನು ಕೂಗಾಡಿದೆ.

"ನನ್ನ ತಮ್ಮ ಮಾಡೋ ಔಷಧಿ ಮನೇಲೇ ಇರೋವಾಗ ಬೇರೆಯವರ ಬಾಗಿಲಿಗೆ ಯಾಕೋ ಹೋಗ್ಲಿ? ಬೀದಿಗೆಲ್ಲಾ ನಾನೇ ಕುಡಿಸ್ತಾ ಇದೀನಿ."

"ನಿನ್ನ ತಲೆ!"

"ನನ್ನ ತಲೆ ಸರಿಯಾಗಿದೆ. ಕುತ್ತಿಗೆ ನೋಡು," ಎಂದು ನಕ್ಕಳು.

ಕೂಗಾಡಿದೆನೇ ಹೊರತು ಹೇಳಬೇಕಾದ ಒಂದು ಮಾತು ಹೇಳಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ, ಹಾಗಾಗಿ ನಾನು ನೇರ ಮನುಷ್ಯ ಎಂದು ಎಲ್ಲರೂ ತಿಳಿದಿದ್ದಾರೆ. ಕೂಗಾಡುವವನು ಸುಳ್ಳು ಹೇಳಲಾರ ಅಂತ ಜನರ ಲೆಕ್ಕ.

ಕೊನೆಗೆ ಯಜಮಾನರ ಕೋಣೆಗೇ ಹೋದೆ. ಒಳಗೆ ತಣ್ಣಗಿತ್ತು. ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದೆ. ಬಿಡಿ ಅಂತ ಯಾರೂ ಹೇಳಿರಲಿಲ್ಲ.

"ಅಕ್ಕನಿಗೆ ಕುತ್ತಿಗೇಲಿ ಗಂಟು ಸ್ವಾಮಿ. ನಮ್ಮ ಟಾನಿಕ್ಕಿಗೆ ಕರಗುತ್ತಾ?"

ಅವರು ನನ್ನ ಮುಖವನ್ನೇ ನೋಡಿದರು. ಕಹಿ ಹಾಕುವವನೇ ಬಂದು ಹೀಗೆ ಕೇಳಿದರೆ ಅವರಾದರೂ ಏನು ಹೇಳಿಯಾರು? ಕರಗಲ್ಲ ಅನ್ನಲಿ, ಆ ಮಾತನ್ನು ಅವರ ಹೆಸರಿನಲ್ಲಿ ಅಕ್ಕನಿಗೆ ದಾಟಿಸಿಬಿಡೋಣ ಅಂತ ನನ್ನ ಆಸೆ.

"ಅಯ್ಯೋ ಪಾಪ," ಎಂದು ಗಂಟೆ ಒತ್ತಿ, ಒಳಬಂದ ಗುಮಾಸ್ತರಿಗೆ ಹೇಳಿದರು. "ಇವನ ಅಕ್ಕನಿಗೆ ಒಂದು ಪೆಟ್ಟಿಗೆ ಟಾನಿಕ್ಕು ಕೊಡಿ. ದುಡ್ಡು ಬೇಡ. ನನ್ನ ಕಡೆಯಿಂದ ಅಂತ ಹೇಳಯ್ಯಾ."

ಆ ಪೆಟ್ಟಿಗೆಯನ್ನು ಅಲ್ಲೇ ಎತ್ತಿ ಒಗೆಯಬೇಕಿತ್ತು. "ಉಪಕಾರವಾಯ್ತು ಸ್ವಾಮಿ" ಎಂದು ಹೆಗಲ ಮೇಲೆ ಹೊತ್ತುಕೊಂಡು ಬಂದೆ.

ಪೆಟ್ಟಿಗೆ ಕಂಡು ಅಕ್ಕ ಹಿಗ್ಗಿದಳು. "ಅಷ್ಟು ದೊಡ್ಡೋರು ನನ್ನ ನೆನೆಸಿಕೊಂಡ್ರಲ್ಲೋ! ಸರಿ, ನಿನ್ನ ಗಲಾಟೆ ಬೇಡ. ಇನ್ನೊಂದು ಬಾಟಲಿ ನೋಡ್ತೀನಿ. ಆಗ್ಲೂ ಕಡಿಮೆಯಾಗ್ದಿದ್ರೆ ಆಸ್ಪತ್ರೆಗೆ ಬರ್ತೀನಿ."

ಆಗ ನನಗೊಂದು ಉಪಾಯ ಹೊಳೆಯಿತು. ಮರುದಿನ ಕಹಿ ಸುರಿಯುವ ಮೊದಲೇ ಹಂಡೆಯಿಂದ ಒಂದು ಬಾಟಲಿ ತುಂಬಿಸಿಕೊಂಡು, ಮುಚ್ಚಳ ಬಿಗಿದು, ಲೇಬಲ್ ಅಂಟಿಸಿ, ಮಧ್ಯಾಹ್ನ ಊಟಕ್ಕೆ ಬಂದಾಗ ಇದನ್ನೇ ಮೊದಲು ಕುಡಿ ಎಂದು ಅವಳಿಗೆ ಕೊಟ್ಟೆ. ಒಂದು ಗುಟುಕು ಕುಡಿದರೆ ಸಾಕು, 'ಥೂ, ಇದು ಬರೀ ಸಕ್ಕರೆ ನೀರು' ಎಂದು ಅವಳೇ ಉಗಿದು ಬಿಟ್ಟುಬಿಡುತ್ತಾಳೆ. ನಾನು ಬಾಯಿ ಬಿಡಬೇಕಾಗಿಲ್ಲ. ಕೆಲಸಕ್ಕೂ ಕುತ್ತಿಲ್ಲ.

ಸಂಜೆ ಬಂದರೆ ಅಕ್ಕನ ಬಾಗಿಲಲ್ಲಿ ನಗು. ಎದುರುಮನೆಯ ಇಸ್ತ್ರಿಯವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಸಿಹಿಯಾಗಿದೆ ಕಣೋ!" ಎಂದಳು ಅಕ್ಕ. ಕಣ್ಣಲ್ಲಿ ನೀರಿತ್ತು. "ನನ್ನ ನಾಲಿಗೆಗೆ ಸಿಹಿ ಹತ್ತಿಬಿಡ್ತು!"

ಲೇಬಲ್ ತಿರುಗಿಸಿ ತೋರಿಸಿದಳು. 'ಕಹಿ ತಿಳಿಯದಾದಾಗ ಕಾಯಿಲೆ ಕಳೆಯಿತು.' ಬಾಟಲಿ ಮೇಲೆ ಬಾಟಲಿ ಕುಡಿದರೆ ಹೆಚ್ಚಿನವರ ನಾಲಿಗೆಗೆ ಕಹಿ ಒಗ್ಗಿಹೋಗುತ್ತದೆ. ಅದನ್ನೇ ಗುಣವಾದ ಗುರುತು ಮಾಡಿ ಮಾರುವುದು ನಮ್ಮವರ ಜಾಣತನ. ದಿನವೂ ಸಾವಿರಾರು ಲೇಬಲ್ ಕಣ್ಣೆದುರು ಹೋಗುತ್ತಿದ್ದರೂ ನನಗದು ನೆನಪಾಗಿರಲಿಲ್ಲ.

"ಇನ್ಮೇಲೆ ನಿನ್ನ ತಮ್ಮ ಬೈದ್ರೂ ಸಿಹಿಯಾಗೇ ಕೇಳ್ಸುತ್ತೆ ಬಿಡು," ಎಂದು ಇಸ್ತ್ರಿಯವಳು ಪೆಟ್ಟಿಗೆಯೊಳಗಿನ ಕೆಂಡ ಆರೀತೆಂದು ಓಡಿದಳು.

"ಇನ್ನೆಲ್ಲಿಯ ಆಸ್ಪತ್ರೆ?" ಅಕ್ಕ ಶಾಲು ಸರಿಸಿ ನನ್ನ ಕೈ ಎಳೆದುಕೊಂಡಳು. "ಕರಗ್ತಾ ಇದೆ. ನೀನೇ ಮುಟ್ಟಿ ನೋಡು."

ಮುಟ್ಟಿದೆ. ಕಲ್ಲಿನ ಹಾಗಿತ್ತು.

"ನಾನು ಕಹಿ ಹಾಕಿಲ್ಲ ಅಕ್ಕಾ."

"ಏನು?"

"ಈ ಬಾಟಲಿಗೆ ಕಹಿ ಹಾಕಿಲ್ಲ. ಹಾಕಿದ್ರೂ ಅದ್ರಲ್ಲಿ ಏನೂ ಇರಲ್ಲ. ಸಕ್ಕರೆ, ನೀರು, ಬಣ್ಣ. ಇಷ್ಟು ದಿನ ಕುಡಿದದ್ದೂ ಅದೇ."

ಅವಳು ಯಂತ್ರದ ಮುಂದೆ ಕೂತಳು. ಸೂಜಿಯಡಿ ಬಟ್ಟೆ ಇರಲಿಲ್ಲ. ಸುಮ್ಮನೆ ಚಕ್ರ ತಿರುವುತ್ತಿದ್ದಳು.

"ನಾನು ಕುಡಿಯೋವಾಗ ನೀನು ಎದುರಿಗೇ ಕೂತಿರ್ತಿದ್ದೆ."

"ಹೂಂ."

"ನಾನು ಮುಖ ಕಿವುಚಿದ್ರೆ ನೀನು ನಗ್ತಿದ್ದೆ."

ನನಗೆ ಸಿಟ್ಟೇ ಬಂತು. "ಎಲ್ಲಾ ಆ ಯಜಮಾನರ ಕಿತಾಪತಿ! ಊರನ್ನೇ ಕೊಂಡುಕೊಂಡವರ ಮುಂದೆ ನಾನೇನು ಮಾಡ್ಲಿ?"

"ಯಜಮಾನ್ರು ನನ್ನ ಮನೆಗೆ ಬಂದಿದ್ರೇನೋ?"

ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳ ದನಿ ಏರಲೇ ಇಲ್ಲ.

"ನಾಳೆ ಆಸ್ಪತ್ರೆಗೆ ಬರ್ತೀನಿ. ಅದಕ್ಕೆ ಮೊದ್ಲು, ನಾನು ಕುಡೀರಿ ಅಂದ ಮನೆಗಳಿಗೆಲ್ಲಾ ನೀನು ಬರ್ಬೇಕು. ನಿನ್ನ ಬಾಯಿಂದಲೇ ಹೇಳ್ಬೇಕು."

"ಕೆಲಸ ಹೋಗುತ್ತೆ ಅಕ್ಕಾ."

"ಹೋಗುತ್ತೆ," ಎಂದಳು.

ಬೆಳಿಗ್ಗೆ ಮೊದಲು ಹೋದದ್ದು ಬೀದಿ ಕೊನೆಯ ನಿವೃತ್ತ ಪೋಸ್ಟ್ ಮಾಸ್ತರರ ಮನೆಗೆ. ಒಂಟಿ ಮನುಷ್ಯ. ಇಬ್ಬರಿಗೂ ಕುರ್ಚಿ ಹಾಕಿದರು. ನಾನು ನಿಂತೇ, ನೆಲ ನೋಡುತ್ತ, ಹೇಳಬೇಕಾದದ್ದನ್ನು ಹೇಳಿದೆ.

"ಏನಂದೆ?" ಎಂದರು ಮಾಸ್ತರರು.

"ಅವರಿಗೆ ಕಿವಿ ಮಂದ ಅಂತ ಗೊತ್ತಿಲ್ವಾ?" ಎಂದಳು ಅಕ್ಕ. "ನನ್ನ ಮೇಲೆ ಕೂಗೋ ಗಂಟಲು ಎಲ್ಲಿ ಹೋಯ್ತು?"

ಕೂಗಿದೆ. "ಟಾನಿಕ್ಕಲ್ಲಿ ಔಷಧಿ ಇಲ್ಲ ಮಾಸ್ತರ್ರೇ! ಸಕ್ಕರೆ ನೀರು! ಕಹಿ ಹಾಕೋನು ನಾನೇ!" ಬೀದಿಯಲ್ಲಿ ಬಾಗಿಲುಗಳು ತೆರೆದುಕೊಂಡವು. ಇಸ್ತ್ರಿಯವಳು ಕೆಂಡದ ಪೆಟ್ಟಿಗೆ ಹಿಡಿದುಕೊಂಡೇ ಆಚೆ ಬಂದಳು. ಕಾರ್ಖಾನೆಗೆ ಹೊರಟಿದ್ದ ಇಬ್ಬರು ನಿಂತು ಕೇಳಿಸಿಕೊಂಡು, ಬೇಗ ಬೇಗ ಮುಂದೆ ಹೋದರು. ನಾನು ಗೇಟು ಮುಟ್ಟುವ ಮೊದಲೇ ಸುದ್ದಿ ಒಳಗಿರುತ್ತದೆ.

ಮಾಸ್ತರರು ನನ್ನನ್ನಲ್ಲ, ಅಕ್ಕನನ್ನು ಕೇಳಿದರು.

"ಎದೆನೋವಿಗೆ ಡಾಕ್ಟ್ರು ಕೊಟ್ಟಿದ್ದ ಮಾತ್ರೆ ನಿಲ್ಲಿಸಿಬಿಟ್ಟಿದೀನಲ್ಲಮ್ಮಾ. ಇದೊಂದೇ ಸಾಕು ಅಂದಿದ್ಯಲ್ಲ ನೀನು?"

ಅಕ್ಕನ ಮುಖ ಬಿಳಿಚಿಕೊಂಡಿತು. ಅವಳು ಅಂದಿದ್ದಳು. ಅವಳ ಬಾಯಿಂದ ಹಾಗೆ ಅನ್ನಿಸಿದವನು ನಾನು.

"ಚಪ್ಪಲಿ ಹಾಕ್ಕೊಳ್ಳಿ ಮಾಸ್ತರ್ರೇ," ಎಂದಳು ಅಕ್ಕ. "ನಾವೂ ಆಸ್ಪತ್ರೆಗೇ ಹೊರಟಿದ್ದೀವಿ."

ಮಾಸ್ತರರು ನನ್ನ ತೋಳು ಹಿಡಿದುಕೊಂಡು ಮೆಟ್ಟಿಲಿಳಿದರು. ಕ್ಷಮಿಸಿ ಹಿಡಿದರೋ, ಬೇರೆ ಆಸರೆ ಇಲ್ಲದ್ದಕ್ಕೆ ಹಿಡಿದರೋ ತಿಳಿಯಲಿಲ್ಲ. ಆಗಾಗ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಅವರು ನಿಂತಾಗಲೆಲ್ಲ ನಾನೂ ನಿಲ್ಲುತ್ತಿದ್ದೆ. ಅಕ್ಕ ಹಿಂತಿರುಗಿ ನೋಡದೆ ಮುಂದೆ ಮುಂದೆ ಹೋಗುತ್ತಿದ್ದಳು.