ಪರದೆಯಾಚೆಯ ಟೀಚರಿಗೆ ಒಂದು ಕಪ್ ಚಹಾ

ಆಂಟಾಪ್ ಹಿಲ್‌ನ ಚಾಳಿನಲ್ಲಿರುವ ಬಷೀರಾಗೆ ಒಂದೇ ಚಿಂತೆ. ಮಗಳು ನೂರೀನ ನರ್ಸ್ ಆಗುವ ಆಸೆಯಿಂದ ಪ್ರವೇಶ ಪರೀಕ್ಷೆಯ ಆನ್‌ಲೈನ್ ಕ್ಲಾಸಿಗೆ ಸೇರಿದ್ದಳು. ಮೊಬೈಲಿನಲ್ಲೇ ಟೀಚರ್ ಮುಖ, ಮೊಬೈಲಿನಲ್ಲೇ ಪಾಠ. ಮೊದಮೊದಲು ಹುರುಪಿನಿಂದ ಕೂರುತ್ತಿದ್ದ ಹುಡುಗಿ ಆಮೇಲೆ ಕ್ಯಾಮೆರಾ ಮುಚ್ಚಿಟ್ಟಳು. ಇವತ್ತಂತೂ ಕ್ಲಾಸೇ ಬೇಡ ಅಂದುಬಿಟ್ಟಳು. ಕ್ಲಾಸ್ ಬಿಟ್ಟರೆ ನರ್ಸಿಂಗಿನ ಆಸೆಗೆ ಎಳ್ಳುನೀರು ಬಿಟ್ಟಂತೆಯೇ.

ಪಕ್ಕದ ಖೋಲಿಯ ವಸಂತಿ ಇವರ ಮಾತು ಕೇಳಿ ಬಂದಳು. ಉಡುಪಿ ಕಡೆಯವಳು, ಬಾಲವಾಡಿ ಟೀಚರ್.

"ಮೊಬೈಲ್ ನೋಡ್ಕೋತ ಕುಂತ್ರ ಯಾರಿಗೆರ ವಿದ್ಯಾ ಹತ್ತತೈತೇನ್ರಿ, ಟೀಚರ? ಅದಕ್ಕ ಇಕಿಗೆ ಬ್ಯಾಸರಾಗೇತಿ," ಎಂದಳು ಬಷೀರಾ.

"ಮೊಬೈಲಿನ ತಪ್ಪಲ್ಲ ಬಷೀರಾಕ್ಕ. ನಾಲ್ಕು ಜನ ನಗ್ತಾರೆ ಅಂತ ಮಕ್ಕಳಿಗೆ ಹೆದರಿಕೆ. ನೂರೀನ, ಏನಾಯ್ತು ಮಾರಾಯ್ತಿ?"

ನೂರೀನ ತಲೆ ತಗ್ಗಿಸಿದಳು. "ಅಮ್ಮಿ ಟೀಚರ್‌ಗೆ ಚಹಾ ಕೊಟ್ಟಳಲ್ಲಾ, ಉಸ್ ದಿನ್ ಕ್ಲಾಸಿನಾಗ ಎಲ್ಲಾರೂ ನಕ್ಕರು."

ಬಷೀರಾಗೆ ನೆನಪಾಯಿತು. ಬಂದವರನ್ನು ಚಹಾ ಕೊಡದೆ ಕಳಿಸಿದ ಹೆಂಗಸಲ್ಲ ಅವಳು. ಫೋನಿನಲ್ಲಿ ಬಂದರೇನು, ಬಂದವರು ಬಂದವರೇ. ಟೀಚರ್ ಮುಖ ಕಂಡದ್ದೇ ತಡ, ಪರದೆಯ ಮುಂದೆ ಕಪ್-ಬಸಿ ಹಿಡಿದು, "ತಗೋರಿ ಟೀಚರ, ಚಹಾ ಕುಡೀರಿ" ಅಂದಿದ್ದಳು. ತನ್ನ ಪ್ರೀತಿಯೇ ಮಗಳಿಗೆ ಮುಳುವಾಯಿತಲ್ಲ ಎಂದು ಕಣ್ಣು ತುಂಬಿಕೊಂಡಳು.

"ಅಳುವಂಥದ್ದು ಎಂತ ಉಂಟು?" ಎಂದಳು ವಸಂತಿ. "ಕ್ಲಾಸಿನ ಹೊತ್ತಿಗೆ ಮನೆಯಲ್ಲಿ ಗಲಾಟೆ ಆಗದ ಹಾಗೆ ನೀವು ನೋಡಿಕೊಳ್ಳಿ. ನೂರೀನ, ನೀನು ಗೋಡೆಗೆ ಬೆನ್ನು ಕೊಟ್ಟು ಕೂತ್ಕೋ, ಹಿಂದೆ ಯಾರೂ ಕಾಣುವುದಿಲ್ಲ. ಕ್ಯಾಮೆರಾ ಬೇಡ ಅನ್ನಿಸಿದ ದಿನ ಡೌಟ್ ಬರೆದು ಕಳಿಸು. ಅವರು ನಕ್ಕು ನಿನಗೆ ನೋವಾದದ್ದನ್ನು ಮಾತ್ರ ಟೀಚರ್‌ಗೆ ಹೇಳಲೇಬೇಕು. ಹೇಳದೆ ಅವರಿಗೆ ಹೇಗೆ ಗೊತ್ತಾಗ್ಬೇಕು?"

ನೂರೀನ ಅಂದೇ ಟೀಚರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಧೈರ್ಯಕ್ಕೆ ಭೇಷ್ ಅನ್ನಲೇಬೇಕು. ಬಷೀರಾ ಏನು ಕಡಿಮೆಯವಳೇ? ಮರುದಿನ ಕ್ಲಾಸಿನ ಹೊತ್ತಿಗೆ ಹೊಲಿಗೆ ಮಷೀನ್ ನಿಲ್ಲಿಸಿದಳು, ಟಿವಿ ಆರಿಸಿದಳು, ಬಾಗಿಲ ಹೊರಗೆ ಸ್ಟೂಲ್ ಹಾಕಿ ಕಾವಲು ಕೂತಳು. ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಗದ್ದಲ ಮಾಡಿದವರನ್ನೆಲ್ಲ ಕಣ್ಣಲ್ಲೇ ಗದರಿಸಿದಳು.

ಒಳಗೆ ಟೀಚರ್ ಎಲ್ಲರಿಗೂ ಹೇಳುತ್ತಿದ್ದುದು ಅವಳಿಗೂ ಕೇಳಿಸಿತು. ಇಷ್ಟು ವರ್ಷದಲ್ಲಿ ತನಗೆ ಚಹಾ ಬೇಕೇ ಎಂದು ಕೇಳಿದ್ದು ನೂರೀನಳ ತಾಯಿ ಒಬ್ಬರೇ, ಅದು ನಗುವ ಮಾತಲ್ಲ ಅಂದರು ಅವರು.

ಬಾಗಿಲು ತೆರೆಯಿತು. "ಅಮ್ಮಿ, ಒಳಗ ಬಾ. ಕ್ಯಾಮೆರಾ ಚಾಲೂ ಐತಿ," ಎಂದಳು ನೂರೀನ. "ಟೀಚರ್ ನಿನ್ನ ಚಹಾ ಕೇಳಾಕತ್ತಾರ."

ತಾಯಂದಿರೇ, ತಂದೆಯರೇ, ನಿಮ್ಮ ಮಗು ಕ್ಯಾಮೆರಾ ಮುಚ್ಚಿದರೆ ಬೈಯಬೇಡಿ, ಪಕ್ಕದಲ್ಲಿ ಕೂತು ಕಾರಣ ಕೇಳಿ. ಪಾಠದ ಹೊತ್ತಿಗೆ ಮನೆ ಶಾಂತವಾಗಿರಲಿ. ಚಹಾ ಆಮೇಲೆ ಮಾಡಿದರಾಯಿತು.